ಸೀಸದ ಪಟ್ಟಿ ಮತ್ತು ಮೊಸರನ್ನದ ಡಬ್ಬಿ

ಮಹಾಭಾರತದ ಕರ್ಣನಿಗೆ ಯುದ್ಧದ ನಟ್ಟನಡುವೆ ಅಸ್ತ್ರದ ಮಂತ್ರವೇ ಮರೆತುಹೋಯಿತು. ಅದಕ್ಕೆ ಗುರುಶಾಪವೆಂಬ ಕಾರಣವಾದರೂ ಇತ್ತು. ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ಸಂಸಾರ ಹೂಡಿಕೊಂಡಿರುವ ನನ್ನ ಮೇಲೆ ಯಾವ ಪರಶುರಾಮರ ಮುನಿಸೂ ಇರಲಿಲ್ಲ. ಆದರೂ ಅಟ್ಲಾಂಟಿಕ್ ಸಾಗರದ ಮೇಲೆ, ನೀರಿಗಿಳಿಯಲು ಸಿದ್ಧನಾಗಿ ನಿಂತ ಗಳಿಗೆಯಲ್ಲಿ, ಸೊಂಟಕ್ಕೆ ಬಿಗಿಯಬೇಕಾದ ಸೀಸದ ಪಟ್ಟಿ ಮನೆಯ ಗರಾಜಿನಲ್ಲೇ ಉಳಿದಿದೆಯೆಂಬುದು ನನ್ನ ಅರಿವಿಗೆ ಬಂದಿತು.

ನೀರೊಳಗೆ ಉಸಿರಾಡುವ ಈ ಹುಚ್ಚು ನನಗೆ ಹತ್ತಿದ್ದು ನಮ್ಮ ನಾಡಿನ ಕಡಲಿನಲ್ಲಿಯೇ. ಒಮ್ಮೆ ರಜೆಯಲ್ಲಿ ಊರಿಗೆ ಹೋದಾಗ ಮಗಳೊಡನೆ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ದೋಣಿಯಲ್ಲಿ ಹೋಗಿದ್ದೆ. ಅಲ್ಲಿ ಬೆಚ್ಚನೆಯ ನೀರು, ಬಣ್ಣಬಣ್ಣದ ಮೀನು. ಬೇಕಾದ ಸಲಕರಣೆಗಳನ್ನೆಲ್ಲ ದೋಣಿಯವರೇ ತಂದು ತೊಡಿಸಿದರು. ನಾವು ಮದುವಣಿಗರಂತೆ ಕೈಚಾಚಿ ನಿಂತಿದ್ದರೆ ಸಾಕಾಗಿತ್ತು. ನ್ಯೂಜೆರ್ಸಿಯ ಕಡಲಲ್ಲಿ ಈ ಉಪಚಾರವಿಲ್ಲ. ನಡುಬೇಸಗೆಯಲ್ಲೂ ತಳದ ನೀರು ಮೈಕೊರೆಯುತ್ತದೆ. 7 ಮಿಲಿಮೀಟರ್ ದಪ್ಪದ ರಬ್ಬರಿನ ಉಡುಪು ಬೇಕು. ಮುಖವಾಡ, ಈಜುರೆಕ್ಕೆ, ಉಸಿರಾಟದ ಕೊಳವೆ, ಸಿಲಿಂಡರು, ಮೀನುಬಲೆಯ ದಾರ ಕಾಲಿಗೆ ಸುತ್ತಿಕೊಂಡರೆ ಕತ್ತರಿಸಲು ಚಾಕು, ದೀಪ – ಎಲ್ಲವನ್ನೂ ನಾವೇ ಹೊತ್ತೊಯ್ಯಬೇಕು. ಜಲಮಂತ್ರವನ್ನು ಬಲ್ಲ ರನ್ನನ ದುರ್ಯೋಧನನಿಗೆ ವೈಶಂಪಾಯನ ಸರೋವರದಲ್ಲಿ ಅಡಗಲು ಇವಾವುವೂ ಬೇಕಾಗಿರಲಿಲ್ಲ. ನಮ್ಮಂಥ ಪಾಮರರಿಗೆ ಪಟ್ಟಿಯೇ ಮಂತ್ರ.

ಇಷ್ಟೆಲ್ಲ ಕಷ್ಟಪಟ್ಟು ಇಲ್ಲಿ ಮುಳುಗುವುದೇಕೆ? ಹಡಗುಗಳಿಗಾಗಿ. ನ್ಯೂಯಾರ್ಕ್ ಬಂದರಿನ ಹೆಬ್ಬಾಗಿಲು ಹಡಗುಗಳ ದೊಡ್ಡ ಸ್ಮಶಾನ. ಲಾಂಗ್ ಐಲೆಂಡಿನ ಆಚೆ 1918ರಲ್ಲಿ ಮುಳುಗಿದ ‘ಸ್ಯಾನ್ ಡಿಯೇಗೊ’ ಎಂಬ ಯುದ್ಧನೌಕೆಯಿದೆ. ನ್ಯೂಜೆರ್ಸಿಯ ಆಚೆ ಸುಮಾರು 230 ಅಡಿ ಆಳದಲ್ಲಿ, 1991ರಲ್ಲಿ ಪತ್ತೆಯಾದ ಜರ್ಮನ್ ಜಲಾಂತರ್ಗಾಮಿ ಯು-869 ಇದೆ. ಅದರ ಹೆಸರನ್ನು ಖಚಿತಪಡಿಸಲು ಜಾನ್ ಚಾಟರ್ಟನ್, ರಿಚಿ ಕೋಹ್ಲರ್ ಮೊದಲಾದವರಿಗೆ 1997ರವರೆಗೆ ಹಿಡಿಯಿತು. ಅಷ್ಟರಲ್ಲಿ ಮೂವರು ಅಲ್ಲಿ ಪ್ರಾಣ ತೆತ್ತಿದ್ದರು. ಅವರಲ್ಲಿ ಇಬ್ಬರು ತಂದೆ ಮತ್ತು ಮಗ. 1992ರಲ್ಲಿ ಆ ಇಬ್ಬರೂ ನಡುವೆ ತಂಗದೆ ನೇರವಾಗಿ ಮೇಲೇರಿ ಬಂದು ಅಸುನೀಗಿದರು.

ನಾವು ಹೊರಟಿದ್ದು ಅಂಥ ಆಳಕ್ಕಲ್ಲ. ಸುಮಾರು 80 ಅಡಿಯಲ್ಲಿರುವ ‘ಮೊಹಾಕ್’ ಎಂಬ ಪ್ರಯಾಣಿಕರ ಹಡಗಿಗೆ. ಹಿಂದಿನ ರಾತ್ರಿ ಸಾಮಾನು ಕಟ್ಟುವಾಗ ಮಗಳು ಕಾಗದದ ಪಟ್ಟಿಯೊಂದನ್ನು ಹಿಡಿದು ಒಂದೊಂದಕ್ಕೂ ಗುರುತು ಹಾಕುತ್ತಿದ್ದಳು. “ಎರಡು ಪೆಟ್ಟಿಗೆಯಲ್ಲಿ ಸಂಸಾರ ತುಂಬಿಕೊಂಡು ಈ ದೇಶಕ್ಕೆ ಬಂದವನು ನಾನು, ನನಗೇಕೆ ಪಟ್ಟಿ?” ಎಂದು ನಕ್ಕೆ. ಚೀಲ ಭಾರವಾಯಿತೆಂದು 24 ಪೌಂಡಿನ ಸೀಸದ ಪಟ್ಟಿಯನ್ನು ಹೊರತೆಗೆದು, ಮರೆಯಬಾರದೆಂದು ಬಾಗಿಲ ಪಕ್ಕದಲ್ಲೇ ಇಟ್ಟೆ. ಬೆಳಗಿನ ನಾಲ್ಕು ಗಂಟೆಗೆ ಆ ಬಾಗಿಲನ್ನೇ ದಾಟಿ ಹೊರಟೆ. ಮೊಸರನ್ನದ ಡಬ್ಬಿಯನ್ನು ಮಾತ್ರ ಮರೆಯಲಿಲ್ಲ. ಜೊತೆಗೆ ಮಾವಿನಮಿಡಿ ಉಪ್ಪಿನಕಾಯಿಯೂ ಇತ್ತು.

ದೋಣಿಯಲ್ಲಿ ಹುಡುಕಿದಾಗ ಅವರಿವರ ಬಳಿ ಸೇರಿ 12 ಪೌಂಡು ಸೀಸ ಸಿಕ್ಕಿತು. ಬೇಕಾದುದರ ಅರ್ಧ. ನನ್ನ ಬಾಯಿಂದ ಬಂದದ್ದು ನಾವೆಲ್ಲ ಬಲ್ಲ ಆ ಮಾತೇ: “ಹೇಗೋ ಸುಧಾರಿಸಿಕೊಳ್ಳುತ್ತೇನೆ. ಲಂಗರಿನ ಹಗ್ಗ ಹಿಡಿದು ಇಳಿದರಾಯಿತು.”

ನರೆತ ಗಡ್ಡದ ಕಪ್ತಾನ ಕೇಳಿದ: “ಇಳಿಯುವೆ, ಸರಿ. ಹದಿನೈದು ಅಡಿಯಲ್ಲಿ ಹೇಗೆ ನಿಲ್ಲುವೆ?”

ಆ ಪ್ರಶ್ನೆಯ ಮರ್ಮ ಹೀಗಿದೆ. ರಬ್ಬರಿನ ಉಡುಪಿನಲ್ಲಿ ಅಸಂಖ್ಯ ಗಾಳಿಗುಳ್ಳೆಗಳಿದ್ದು, ಅವು ದೇಹವನ್ನು ಬೆಂಡಿನಂತೆ ತೇಲಿಸುತ್ತವೆ. ಪ್ರತಿ 33 ಅಡಿಗೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುವುದರಿಂದ ಆಳದಲ್ಲಿ ಆ ಗುಳ್ಳೆಗಳು ಕುಗ್ಗುತ್ತವೆ. ಹೇಗೋ ಇಳಿದುಬಿಟ್ಟವನಿಗೆ ತಳದಲ್ಲಿ ಸೀಸದ ಕೊರತೆ ಅಷ್ಟಾಗಿ ತಿಳಿಯದು. ಅಪಾಯ ಕಾದಿರುವುದು ಮರಳುವಾಗ. ಸಿಲಿಂಡರಿನೊಳಗಿನ ಸುಮಾರು 6 ಪೌಂಡು ಗಾಳಿಯಲ್ಲಿ ಬಹುಪಾಲು ಖರ್ಚಾಗಿ ಅದು ಹಗುರಾಗಿರುತ್ತದೆ. ಮೇಲೇರಿದಂತೆ ಉಡುಪು ಮತ್ತೆ ಉಬ್ಬುತ್ತದೆ. ದೇಹದಲ್ಲಿ ಕರಗಿದ ನೈಟ್ರೋಜನ್ ಮೆಲ್ಲಗೆ ಹೊರಬೀಳಲೆಂದು 15 ಅಡಿಯಲ್ಲಿ 3 ನಿಮಿಷ ತಂಗಬೇಕು. ಸೀಸ ಸಾಲದವನ ಕೈಯಿಂದ ಹಗ್ಗ ತಪ್ಪಿದರೆ ಅವನು ಬಿರಡೆಯಂತೆ ಮೇಲಕ್ಕೆ ಚಿಮ್ಮುತ್ತಾನೆ.

ನಾನಿನ್ನೂ ವಾದಿಸುವವನಿದ್ದೆ. ಆಗ ಮಗಳು ಮೆಲುದನಿಯಲ್ಲಿ, “ಅಪ್ಪ, ನೀರಿನಲ್ಲಿ ನಿನ್ನ ಜೊತೆಗಾರಳು ನಾನು. ನೀನು ಮೇಲಕ್ಕೆ ಹಾರಿದರೆ ನಾನೂ ನಿನ್ನ ಹಿಂದೆಯೇ ಬರುತ್ತೇನೆ, ಅಲ್ಲವೇ?” ಎಂದಳು.

ನಾನು ಉಡುಪು ಕಳಚಿದೆ. ಅವಳು ಇನ್ನಿಬ್ಬರ ಜೊತೆ ಸೇರಿ ಇಳಿದಳು. ನಾನು ಡಬ್ಬಿ ಬಿಚ್ಚಿ, ಒಂದು ತುತ್ತೂ ಒಳಗಿಳಿಯದೆ, ನೀರಿನ ಮೇಲೆ ಏಳುತ್ತಿದ್ದ ಗುಳ್ಳೆಗಳನ್ನು ನೋಡುತ್ತ ಕುಳಿತೆ.

ಕೆಳಗಿದ್ದ ಹಡಗಿನ ಕಥೆ ಆಗ ನೆನಪಾಯಿತು. 1935ರ ಜನವರಿ 24ರ ರಾತ್ರಿ, ನ್ಯೂಯಾರ್ಕಿನಿಂದ ಹೊರಟಿದ್ದ ಮೊಹಾಕ್‌ನ ಚುಕ್ಕಾಣಿಯ ಯಂತ್ರ ಕೆಟ್ಟಿತು. ಬದಲಿ ವ್ಯವಸ್ಥೆಯಲ್ಲಿ ಹಡಗನ್ನು ನಡೆಸಲು ಹೋಗಿ, ಆಜ್ಞೆಗಳಲ್ಲಿ ಗೊಂದಲವಾಗಿ, ಅದು ನಾರ್ವೆಯ ‘ಟಾಲಿಸ್ಮನ್’ ಎಂಬ ಸರಕುಹಡಗಿನ ದಾರಿಗೆ ಅಡ್ಡ ತಿರುಗಿತು. ನಲವತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅಲ್ಲಿಯೂ ಯಾರೋ ಒಬ್ಬರು ‘ಹೇಗೋ ಸುಧಾರಿಸೋಣ’ ಎಂದುಕೊಂಡಿರಬಹುದೆ?

ಸುಧಾರಿಸಿಕೊಂಡು ಹೋಗುವುದೇ ನಮ್ಮ ಪೀಳಿಗೆಯ ಬಂಡವಾಳ. ತೆಂಗಿನಕಾಯಿ ಸಿಗದಿದ್ದಾಗ ಒಣಪುಡಿಯಲ್ಲಿ ಸಾರು ಮಾಡಿದೆವು. ಪುರೋಹಿತರಿಲ್ಲದಾಗ ಕ್ಯಾಸೆಟ್ಟಿನಿಂದ ಗಣಪತಿಯನ್ನು ಪೂಜಿಸಿದೆವು. ಆ ಗುಣವನ್ನು ನಾನು ಹಳಿಯಲಾರೆ. ಆದರೆ ಅದು ನೆಲದ ಮೇಲಿನ ಗುಣ. ನೀರಿನಡಿಯಲ್ಲಿ ಮರೆವು ಕೊಲ್ಲುವುದಿಲ್ಲ. ಮರೆತೆನೆಂದು ಒಪ್ಪಿಕೊಳ್ಳಲಾರದ ಹಮ್ಮು ಕೊಲ್ಲುತ್ತದೆ, ಜೊತೆಗೆ ನಂಬಿ ಬಂದವರನ್ನೂ ಎಳೆದೊಯ್ಯುತ್ತದೆ.

ಈಗ ನಮ್ಮ ಗರಾಜಿನ ಬಾಗಿಲ ಮೇಲೆ ಒಂದು ಪಟ್ಟಿ ಅಂಟಿದೆ. ಕನ್ನಡ ಶಾಲೆಯಲ್ಲಿ ಕಲಿತ ದುಂಡು ಅಕ್ಷರಗಳಲ್ಲಿ ಮಗಳು ಬರೆದದ್ದು. ಮೊದಲ ಸಾಲಿನ ‘ಸೀಸ’ದಲ್ಲಿ ದೀರ್ಘವನ್ನು ಮರೆತಿದ್ದಾಳೆ. ಸೀಸವನ್ನೇ ಮರೆತ ನನಗೆ ಅದನ್ನು ತಿದ್ದುವ ಅಧಿಕಾರವೆಲ್ಲಿದೆ?