ರಾಜ್ಯ ಚಿಟ್ಟೆ ‘ಸದರ್ನ್ ಬರ್ಡ್‌ವಿಂಗ್’: ಗುರುತಿಸುವ ವಿಧಾನ ಮತ್ತು ಆವಾಸಸ್ಥಾನ

ಪಶ್ಚಿಮ ಘಟ್ಟಗಳಲ್ಲಿ ಚಿಟ್ಟೆಗಳ ಅಧ್ಯಯನ ಅಥವಾ ಛಾಯಾಗ್ರಹಣಕ್ಕೆ ಅನುಮತಿ ಕೋರುವವರಿಗೂ, ಮಲೆನಾಡಿನಲ್ಲಿ ತೋಟ ಹೊಂದಿರುವವರಿಗೂ ಅನುಕೂಲವಾಗಲೆಂದು ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಪರಿಚಯ
ಸದರ್ನ್ ಬರ್ಡ್‌ವಿಂಗ್ ಕರ್ನಾಟಕದ ರಾಜ್ಯ ಚಿಟ್ಟೆಯಾಗಿದ್ದು, ದಕ್ಷಿಣ ಭಾರತದಲ್ಲಿ ಮಾತ್ರ ಕಂಡುಬರುತ್ತದೆ. ಇದರ ರೆಕ್ಕೆಯ ಹರವು 140ರಿಂದ 190 ಮಿ.ಮೀ. ಬಹುಕಾಲ ಇದನ್ನೇ ದೇಶದ ಅತಿ ದೊಡ್ಡ ಚಿಟ್ಟೆ ಎಂದು ಪರಿಗಣಿಸಲಾಗಿತ್ತು. ಉತ್ತರಾಖಂಡದ ದೀದೀಹಾಟ್‌ನ ಗೋಲ್ಡನ್ ಬರ್ಡ್‌ವಿಂಗ್ ಹೆಣ್ಣು ಚಿಟ್ಟೆಯೊಂದು 194 ಮಿ.ಮೀ. ಇರುವುದು 2020ರಲ್ಲಿ ವರದಿಯಾದ ನಂತರ ಆ ಸ್ಥಾನ ಬದಲಾಯಿತು.

2. ಗುರುತಿಸುವ ಲಕ್ಷಣಗಳು
ಅ) ಮುಂದಿನ ರೆಕ್ಕೆ ಕಪ್ಪು; ಹಿಂದಿನ ರೆಕ್ಕೆ ಹೊಂಬಣ್ಣ, ಅಂಚು ಕಪ್ಪು. ಹಿಂದಿನ ರೆಕ್ಕೆಗೆ ಬಾಲವಿರುವುದಿಲ್ಲ.
ಆ) ಕತ್ತಿನ ಬಳಿ ಕಡುಗೆಂಪು ಬಣ್ಣವಿರುತ್ತದೆ.
ಇ) ಹೆಣ್ಣು ಚಿಟ್ಟೆಯ ಹಿಂದಿನ ರೆಕ್ಕೆಯ ಹಳದಿ ಭಾಗದಲ್ಲಿ ದೊಡ್ಡ ಕಪ್ಪು ಮಚ್ಚೆಗಳ ಸಾಲಿರುತ್ತದೆ, ಗಂಡಿನಲ್ಲಿ ಈ ಸಾಲು ಇರುವುದಿಲ್ಲ.
ಗಾತ್ರವೊಂದನ್ನೇ ನೋಡಿ ನಿರ್ಧರಿಸಬಾರದು. ಬ್ಲೂ ಮಾರ್ಮನ್ ಚಿಟ್ಟೆಯೂ ದೊಡ್ಡದೇ; ಆದರೆ ಅದರ ಹಿಂದಿನ ರೆಕ್ಕೆಯಲ್ಲಿ ನೀಲಿ ಬಣ್ಣವಿರುತ್ತದೆ.

3. ಆವಾಸಸ್ಥಾನ
ನಿತ್ಯಹರಿದ್ವರ್ಣ ಕಾಡು, ಎಲೆ ಉದುರುವ ಕಾಡು ಹಾಗೂ ಅವುಗಳಿಗೆ ಹೊಂದಿಕೊಂಡ ತೋಟಗಳು. ಮಳೆಗಾಲದಲ್ಲಿ ಮತ್ತು ಅದರ ನಂತರದ ತಿಂಗಳುಗಳಲ್ಲಿ ಹೆಚ್ಚಾಗಿ ಕಾಣಸಿಗುತ್ತದೆ. ಚಿಟ್ಟೆಯು ಲಂಟಾನ, ಕೇಪಳ ಮುಂತಾದ ಹಲವು ಹೂಗಳ ಮಕರಂದ ಹೀರುತ್ತದೆ. ಆದರೆ ಇದರ ಮರಿಹುಳು ಈಶ್ವರಿ ಬಳ್ಳಿ ಹಾಗೂ ಅದೇ ಕುಟುಂಬದ ಕೆಲವೇ ಸಸ್ಯಗಳ ಎಲೆಯನ್ನು ಮಾತ್ರ ತಿನ್ನುತ್ತದೆ. ಈ ಎಲೆಗಳ ವಿಷಾಂಶವೇ ಶತ್ರುಗಳಿಂದ ಹುಳುವಿಗೆ ರಕ್ಷಣೆ. ಆದ್ದರಿಂದ ಹೂಗಿಡ ಎಷ್ಟೇ ಇದ್ದರೂ ಈ ಬಳ್ಳಿಗಳಿಲ್ಲದ ಕಡೆ ಚಿಟ್ಟೆಯ ಸಂತತಿ ಮುಂದುವರಿಯುವುದಿಲ್ಲ.

4. ತೋಟದ ಮಾಲೀಕರ ಗಮನಕ್ಕೆ
ಈಶ್ವರಿ ಬಳ್ಳಿಯನ್ನು ಕಳೆಯೆಂದು ಕಿತ್ತುಹಾಕುವುದೂ, ಔಷಧಿಗಾಗಿ ಬೇರುಸಹಿತ ಅಗೆಯುವುದೂ ರೂಢಿಯಲ್ಲಿದೆ. ಬೇಲಿಯಂಚಿನ ಬಳ್ಳಿಗಳನ್ನು ಉಳಿಸಿಕೊಳ್ಳಲು ಕೋರಲಾಗಿದೆ. ಸವರುವುದು ಅನಿವಾರ್ಯವಾದಲ್ಲಿ, ಮೊದಲು ಎಲೆಗಳಲ್ಲಿ ಮೊಟ್ಟೆ ಅಥವಾ ಮೈಮೇಲೆ ಮೃದುವಾದ ಮುಳ್ಳಿನಂತಹ ಉಬ್ಬುಗಳುಳ್ಳ ಕಡುಗೆಂಪು ಹುಳುಗಳಿವೆಯೇ ಎಂದು ಪರಿಶೀಲಿಸುವುದು.

5. ಅರ್ಜಿದಾರರ ಗಮನಕ್ಕೆ
ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಕಲಂ 28ರಂತೆ ಅಭಯಾರಣ್ಯದೊಳಗೆ ಅಧ್ಯಯನ ಅಥವಾ ಛಾಯಾಗ್ರಹಣಕ್ಕೆ ಪ್ರವೇಶಾನುಮತಿ ನೀಡುವ ಅಧಿಕಾರ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಇರುತ್ತದೆ. ಅರ್ಜಿಯಲ್ಲಿ ಉದ್ದೇಶ, ಸ್ಥಳ ಮತ್ತು ಅವಧಿಯನ್ನು ಸ್ಪಷ್ಟವಾಗಿ ನಮೂದಿಸುವುದು ಸೂಕ್ತ. ಛಾಯಾಗ್ರಹಣದ ಅನುಮತಿಯು ಚಿಟ್ಟೆ, ಮೊಟ್ಟೆ ಅಥವಾ ಕೋಶವನ್ನು ಸಂಗ್ರಹಿಸುವ ಅನುಮತಿಯಾಗುವುದಿಲ್ಲ ಎಂಬುದನ್ನು ಗಮನಿಸತಕ್ಕದ್ದು.