ವಾರ್ಷಿಕ ಮಹಾಸಭೆ: ಹಳ್ಳಿಯ ಮಹಿಳಾ ಸಂಘ ಲೆಕ್ಕ ಒಪ್ಪಿಸುವ ದಿನ



ರಜೆಯಲ್ಲಿ ಊರಿಗೆ ಹೋದಾಗ ನೀವು ಈ ದೃಶ್ಯವನ್ನು ಕಂಡಿರಬಹುದು. ಶಾಲೆಯ ಅಂಗಳದಲ್ಲೋ ಸಮುದಾಯ ಭವನದ ಮುಂದೋ ಶಾಮಿಯಾನ ಹಾಕಿದೆ. ಸುತ್ತಮುತ್ತಲ ಹಳ್ಳಿಗಳಿಂದ ಟೆಂಪೋ, ಟ್ರ್ಯಾಕ್ಟರು, ಬಸ್ಸು ಹಿಡಿದು ಹೆಂಗಸರು ಬಂದಿಳಿಯುತ್ತಿದ್ದಾರೆ. ಬಾಗಿಲಲ್ಲಿ ರಂಗೋಲಿ, ಒಳಗೆ ಮೈಕು, ಹಿಂದೆ ಅಡುಗೆಯ ಒಲೆ. ಯಾವುದೋ ಸಮಾರಂಭವಿರಬೇಕು ಎಂದುಕೊಂಡು ನೀವು ಮುಂದೆ ಸಾಗಿರಬಹುದು. ಸ್ವಲ್ಪ ಹೊತ್ತು ನಿಂತಿದ್ದರೆ, ಮೈಕಿನಲ್ಲಿ ಭಾಷಣದ ಬದಲು ಅಂಕಿಗಳು ಕೇಳಿಬರುತ್ತಿದ್ದವು. ಇಷ್ಟು ಉಳಿತಾಯ, ಇಷ್ಟು ಸಾಲ, ಇಷ್ಟು ಬಾಕಿ. ಅದು ಮಹಿಳಾ ಸಂಘಗಳ ಒಕ್ಕೂಟದ ವಾರ್ಷಿಕ ಮಹಾಸಭೆ. ಅಲ್ಲಿ ಏನು ನಡೆಯುತ್ತದೆ, ಏಕೆ ನಡೆಯುತ್ತದೆ ಎಂಬುದನ್ನು ಇಲ್ಲಿ ನೋಡೋಣ.

ಸಂಘ ಹುಟ್ಟಿದ ಬಗೆ

ಸ್ವಸಹಾಯ ಸಂಘದ ಕಥೆಯಲ್ಲಿ ಕರ್ನಾಟಕಕ್ಕೆ ದೊಡ್ಡ ಪಾತ್ರವಿದೆ. 1980ರ ದಶಕದ ಮಧ್ಯದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕೆಲಸ ಮಾಡುತ್ತಿದ್ದ ಕಡೆಗಳಲ್ಲಿ ಕೆಲವು ದೊಡ್ಡ ಸಹಕಾರ ಸಂಘಗಳು ಒಡೆದುಹೋದವು. ಕಾರಣ ಸರಳ. ಮುಖಂಡರ ಮೇಲೆ ಸದಸ್ಯರಿಗೆ ನಂಬಿಕೆ ಉಳಿದಿರಲಿಲ್ಲ. ಆಗ ಸದಸ್ಯರು ಸಣ್ಣ ಸಣ್ಣ ಗುಂಪುಗಳಾಗಿ ಬಂದು, ತಾವು ಪಡೆದ ಸಾಲವನ್ನು ಸಹಕಾರ ಸಂಘಕ್ಕೆ ಕಟ್ಟುವುದಿಲ್ಲ, ಬೇಕಾದರೆ ಸಂಸ್ಥೆಗೇ ಕಟ್ಟುತ್ತೇವೆ ಎಂದರು. ನಿಮ್ಮ ಗುಂಪಿಗೇ ಕಟ್ಟಿಕೊಳ್ಳಿ, ಅದನ್ನು ನೀವೇ ನಡೆಸಿ ಎಂಬ ಉತ್ತರ ಬಂತು. ಒಬ್ಬರನ್ನೊಬ್ಬರು ಬಲ್ಲವರ ಆ ಸಣ್ಣ ಗುಂಪುಗಳು ಉಳಿದುಕೊಂಡವು, ಬೆಳೆದವು.

1992ರಲ್ಲಿ ನಬಾರ್ಡ್ ಬ್ಯಾಂಕು ದೇಶದಲ್ಲಿ 500 ಸಂಘಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಪ್ರಾಯೋಗಿಕ ಯೋಜನೆಯನ್ನು ಆರಂಭಿಸಿತು. ಕರ್ನಾಟಕ ಸರ್ಕಾರ 2000-01ರಲ್ಲಿ ಸ್ತ್ರೀಶಕ್ತಿ ಯೋಜನೆಯನ್ನು ತಂದಿತು. ಪಕ್ಕದ ಕೇರಳದಲ್ಲಿ 1998ರಲ್ಲಿ ಕುಟುಂಬಶ್ರೀ ಆರಂಭವಾಯಿತು. 2011ರಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನ ಬಂತು. ನಮ್ಮ ರಾಜ್ಯದಲ್ಲಿ ಅದರ ಹೆಸರು ಸಂಜೀವಿನಿ.

ಒಂದು ಸಂಘದಲ್ಲಿ ಸಾಮಾನ್ಯವಾಗಿ 10ರಿಂದ 20 ಸದಸ್ಯೆಯರು. ಈ 20ರ ಮಿತಿ ಏಕೆ? ಲಾಭಕ್ಕಾಗಿ ವ್ಯವಹಾರ ಮಾಡುವ ಗುಂಪಿನಲ್ಲಿ 20ಕ್ಕಿಂತ ಹೆಚ್ಚು ಜನರಿದ್ದರೆ ಅದು ನೋಂದಣಿಯಾಗಬೇಕು ಎಂದು 1956ರ ಕಂಪನಿ ಕಾಯಿದೆ ಹೇಳುತ್ತಿತ್ತು. ಮುಂದೆ ಕಾಯಿದೆ ಬದಲಾದರೂ ಸಣ್ಣ ಗುಂಪಿನ ರೂಢಿ ಉಳಿಯಿತು. ಅದಕ್ಕೆ ಇನ್ನೊಂದು ಕಾರಣವೂ ಇದೆ. ಹದಿನೈದು ಜನರ ಕೂಟದಲ್ಲಿ ಯಾರು ಬಂದಿಲ್ಲ, ಯಾರ ಕಂತು ನಿಂತಿದೆ, ಏಕೆ ನಿಂತಿದೆ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ.

ಸಂಘಗಳು ಪಾಲಿಸಬೇಕಾದ ಐದು ನಿಯಮಗಳನ್ನು ಪಂಚಸೂತ್ರ ಎನ್ನುತ್ತಾರೆ. ನಿಯಮಿತ ಸಭೆ, ನಿಯಮಿತ ಉಳಿತಾಯ, ನಿಯಮಿತ ಆಂತರಿಕ ಸಾಲ, ಸಕಾಲದ ಮರುಪಾವತಿ, ಸರಿಯಾದ ಪುಸ್ತಕ ನಿರ್ವಹಣೆ. ಐದನೆಯದು ತಪ್ಪಿದರೆ ಉಳಿದ ನಾಲ್ಕೂ ಕುಸಿಯುತ್ತವೆ ಎಂಬುದನ್ನು ಗಮನಿಸಿ.

ಸಣ್ಣದು ದೊಡ್ಡದಾದಾಗ

ಒಂದು ಸಂಘದ ಶಕ್ತಿ ಸೀಮಿತ. ಹದಿನೈದು ಸದಸ್ಯೆಯರು ವಾರಕ್ಕೆ ತಲಾ 20 ರೂಪಾಯಿ ಉಳಿಸಿದರೆ ವಾರಕ್ಕೆ 300 ರೂಪಾಯಿ, 52 ವಾರಕ್ಕೆ 15,600 ರೂಪಾಯಿ ಆಯಿತು. ಹಸು ಕೊಳ್ಳಲು, ಹಿಟ್ಟಿನ ಗಿರಣಿ ಹಾಕಲು, ಬೆಳೆಯನ್ನು ಒಟ್ಟಾಗಿ ಮಾರಲು ಇದು ಸಾಲದು. ಆದ್ದರಿಂದ ಸಂಘಗಳು ಸೇರಿ ವಾರ್ಡ್ ಮಟ್ಟದಲ್ಲಿ, ಆಮೇಲೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಒಕ್ಕೂಟಗಳಾಗುತ್ತವೆ. ಒಂದು ಪಂಚಾಯಿತಿಯಲ್ಲಿ 40 ಸಂಘಗಳಿವೆ, ಪ್ರತಿ ಸಂಘದಲ್ಲಿ 15 ಜನ ಇದ್ದಾರೆ ಎಂದಿಟ್ಟುಕೊಳ್ಳಿ. ಒಕ್ಕೂಟದ ಬೆನ್ನಿಗೆ 600 ಮಹಿಳೆಯರು ಇದ್ದಂತಾಯಿತು.

ಇಲ್ಲಿ ಒಂದು ಅಪಾಯವಿದೆ. ಯಾವ ಕಾರಣಕ್ಕೆ ಹಿಂದಿನ ದೊಡ್ಡ ಸಂಘಗಳು ಒಡೆದವೋ ಅದೇ ಕಾರಣ ಇಲ್ಲಿಯೂ ಮತ್ತೆ ತಲೆ ಎತ್ತಬಹುದು. ಹದಿನೈದು ಜನರಲ್ಲಿ ಬಚ್ಚಿಡಲಾಗದ ಸಂಗತಿ ಆರುನೂರು ಜನರಲ್ಲಿ ಮರೆಯಾಗಬಹುದು. ಅಧ್ಯಕ್ಷೆ ಯಾರೆಂದೇ ದೂರದ ಹಟ್ಟಿಯ ಸದಸ್ಯೆಗೆ ತಿಳಿಯದಿರಬಹುದು. ವರ್ಷಕ್ಕೊಮ್ಮೆ ಎಲ್ಲರನ್ನೂ ಕರೆದು, ಎಲ್ಲರೆದುರು ಲೆಕ್ಕ ಒಪ್ಪಿಸಬೇಕೆಂಬ ನಿಯಮ ಈ ಅಪಾಯಕ್ಕೆ ಮದ್ದು.

ಸಭೆ ನಡೆಯುವ ಕ್ರಮ

ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಆಮೇಲೆ ಲೆಕ್ಕ ತಪಾಸಣೆ. ತಪಾಸಣೆ ಎಂದರೆ ನಾಲ್ಕು ಕಡೆಯ ಅಂಕಿಗಳು ಹೊಂದುತ್ತವೆಯೇ ಎಂದು ನೋಡುವುದು: ನಗದು ಪುಸ್ತಕ, ಖಾತೆ ಪುಸ್ತಕ, ಸದಸ್ಯೆಯ ಕೈಯಲ್ಲಿರುವ ಪಾಸ್ ಪುಸ್ತಕ, ಬ್ಯಾಂಕಿನ ಲೆಕ್ಕ. ಇವು ಹೊಂದದಿದ್ದರೆ ಎಲ್ಲೋ ತಪ್ಪಿದೆ ಎಂದರ್ಥ. ಅದು ಕೈತಪ್ಪೂ ಆಗಿರಬಹುದು, ಕೈಚಳಕವೂ ಆಗಿರಬಹುದು.

ಸಭೆಯ ದಿನ ಮೊದಲು ಹಾಜರಿ. ನಿಯಮದಲ್ಲಿ ಹೇಳಿರುವಷ್ಟು ಜನ ಬರದಿದ್ದರೆ ಕೋರಂ ಆಗುವುದಿಲ್ಲ, ಸಭೆಯ ನಿರ್ಣಯಗಳಿಗೆ ಬೆಲೆಯಿಲ್ಲ. ಬಳಿಕ ಹಿಂದಿನ ಮಹಾಸಭೆಯ ನಡಾವಳಿ ಓದುತ್ತಾರೆ. ಕಳೆದ ವರ್ಷ ಮಾಡುತ್ತೇವೆ ಎಂದಿದ್ದನ್ನು ಮಾಡಿದ್ದೇವೆಯೇ ಎಂಬ ಪ್ರಶ್ನೆಗೆ ಉತ್ತರ ಇಲ್ಲಿ ಸಿಗಬೇಕು. ಆಮೇಲೆ ವಾರ್ಷಿಕ ವರದಿ, ಜಮಾ ಖರ್ಚು, ತಪಾಸಣೆಯ ವರದಿ, ಮುಂದಿನ ವರ್ಷದ ಆಯವ್ಯಯ ಅಂದಾಜು. ಅವಧಿ ಮುಗಿದಿದ್ದರೆ ಹೊಸ ಪದಾಧಿಕಾರಿಗಳ ಆಯ್ಕೆ. ಕೊನೆಗೆ ಪ್ರಶ್ನೆಗಳು.

ಲೆಕ್ಕವನ್ನು ಮುದ್ರಿಸಿ ಹಂಚಿದರೆ ಸಾಲದೇ, ಗಟ್ಟಿಯಾಗಿ ಓದುವುದೇಕೆ? ಅಲ್ಲಿ ಕುಳಿತವರಲ್ಲಿ ಹಲವರಿಗೆ ಓದಲು ಬಾರದು. ಆದರೆ ಲೆಕ್ಕ ಬಾರದೆಂದು ತಿಳಿಯಬೇಡಿ. ತಾನು ಎಷ್ಟು ಕಟ್ಟಿದ್ದೇನೆ, ತನ್ನ ಸಂಘಕ್ಕೆ ಎಷ್ಟು ಬಂತು ಎಂಬುದು ಅವರ ನೆನಪಿನಲ್ಲಿ ಗಂಟು ಹಾಕಿಟ್ಟಂತೆ ಇರುತ್ತದೆ. ಓದಿದ ಅಂಕಿಯೂ ನೆನಪಿನ ಅಂಕಿಯೂ ಬೇರೆಯಾದಾಗ ಹಿಂದಿನ ಸಾಲಿನಿಂದ ಒಂದು ಕೈ ಮೇಲೇಳುತ್ತದೆ. ಆ ಕೈ ಮೇಲೇಳಲು ಅವಕಾಶ ಕೊಡುವುದಕ್ಕಾಗಿಯೇ ಈ ಸಭೆ.

ಒಂದು ಪ್ರಶ್ನೆಯ ಬೆಲೆ

ಒಂದು ಲೆಕ್ಕ ಮಾಡಿ ನೋಡೋಣ. ಪೆನ್ಸಿಲು ಹಿಡಿಯಿರಿ. ಸದಸ್ಯೆಯೊಬ್ಬರು 5,000 ರೂಪಾಯಿ ಸಾಲ ಪಡೆದು, ತಿಂಗಳಿಗೆ 500 ರೂಪಾಯಿಯಂತೆ ಹತ್ತು ಕಂತುಗಳಲ್ಲಿ ಅಸಲು ತೀರಿಸುತ್ತಾರೆ. ಬಡ್ಡಿ ತಿಂಗಳಿಗೆ ನೂರಕ್ಕೆ 2 ರೂಪಾಯಿ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕಿದರೆ ಮೊದಲ ತಿಂಗಳು 100, ಎರಡನೆಯ ತಿಂಗಳು 90, ಹೀಗೆ ಇಳಿಯುತ್ತಾ ಕೊನೆಯ ತಿಂಗಳು 10 ರೂಪಾಯಿ. ಒಟ್ಟು ಬಡ್ಡಿ 550. ಪ್ರತಿ ತಿಂಗಳೂ ಪೂರ್ತಿ 5,000ದ ಮೇಲೆಯೇ ಬಡ್ಡಿ ಹಾಕಿದರೆ ಹತ್ತು ತಿಂಗಳಿಗೆ 1,000 ರೂಪಾಯಿ. ಬಡ್ಡಿಯ ದರ ಎರಡೂ ಕಡೆ ಒಂದೇ, ಆದರೆ ವ್ಯತ್ಯಾಸ 450 ರೂಪಾಯಿ. ಕೂಲಿ ಮಾಡಿ ಬದುಕುವವರಿಗೆ ಇದು ಸಣ್ಣ ಮೊತ್ತವಲ್ಲ.

'ಬಡ್ಡಿ ಯಾವ ಅಸಲಿನ ಮೇಲೆ?' ಎಂದು ಸಭೆಯಲ್ಲಿ ಒಬ್ಬರು ಕೇಳಿದರೆ ಅದರ ಉತ್ತರ ಆರುನೂರು ಮನೆಗಳಿಗೆ ಸಂಬಂಧಿಸಿದ್ದು. ಯಾರೂ ಕೇಳದಿದ್ದರೆ ಪ್ರತಿ ಸಾಲದಲ್ಲೂ ಅಷ್ಟಷ್ಟು ಹಣ ಯಾರ ಗಮನಕ್ಕೂ ಬಾರದೆ ಸೋರಿಹೋಗುತ್ತದೆ.

ಇಲ್ಲಿ ಇನ್ನೊಂದು ವಿಷಯವನ್ನು ಬಿಡಿಸಿ ತಿಳಿಯಬೇಕು. ಸಂಘದ ಸ್ವಂತ ಉಳಿತಾಯದಿಂದ ಕೊಟ್ಟ ಸಾಲದ ಬಡ್ಡಿ ಸಂಘದ ಗಂಟಿಗೇ ಮರಳುತ್ತದೆ. ಮೈಕ್ರೋಫೈನಾನ್ಸ್ ಕಂಪನಿಗಳೂ ಹೆಂಗಸರ ಗುಂಪುಗಳಿಗೆ ಸಾಲ ಕೊಡುತ್ತವೆ, ಆದರೆ ಅಲ್ಲಿ ಬಡ್ಡಿ ಕಂಪನಿಗೆ ಹೋಗುತ್ತದೆ. ಸಾಲ ಪಡೆದ ಮಹಿಳೆ ಅಲ್ಲಿ ಗ್ರಾಹಕಿ, ಒಡತಿಯಲ್ಲ. ಆದ್ದರಿಂದ ಆಕೆಗೆ ಲೆಕ್ಕ ಒಪ್ಪಿಸುವ ಮಹಾಸಭೆಯೂ ಇಲ್ಲ. ಸಾಲ ವಸೂಲಿಯ ಕಿರುಕುಳ ಹೆಚ್ಚಿದಾಗ 2010ರಲ್ಲಿ ಆಂಧ್ರಪ್ರದೇಶವೂ 2025ರಲ್ಲಿ ಕರ್ನಾಟಕವೂ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಎರಡನ್ನೂ 'ಸಂಘದ ಸಾಲ' ಎಂದೇ ಕರೆಯುವ ರೂಢಿ ಹಳ್ಳಿಗಳಲ್ಲಿದೆ. ನೀವು ಆ ಗೊಂದಲಕ್ಕೆ ಬೀಳಬೇಡಿ.

ಹಣದಾಚೆಯ ಮಾತು

ಮಹಾಸಭೆಯಲ್ಲಿ ಹಣದ ಮಾತಷ್ಟೇ ನಡೆಯುವುದಿಲ್ಲ. ಮದ್ಯದ ಅಂಗಡಿ, ಕುಡಿಯುವ ನೀರು, ಬಾಲ್ಯವಿವಾಹ, ಶಾಲೆ ಬಿಟ್ಟ ಹುಡುಗಿ, ಇವೆಲ್ಲ ಮಾತಿಗೆ ಬರುತ್ತವೆ. 1989ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಮಹಿಳಾ ಸಮಖ್ಯ ಕಾರ್ಯಕ್ರಮ ಉಳಿತಾಯಕ್ಕಿಂತ ಮೊದಲು ಈ ಮಾತುಗಳಿಗೇ ಸಂಘ ಕಟ್ಟಿತ್ತು. ಮೈಕಿನ ಮುಂದೆ ಎದ್ದುನಿಂತು ಮಾತನಾಡಿದ ಅನುಭವ ಬೇರೆಡೆಯೂ ಉಪಯೋಗಕ್ಕೆ ಬರುತ್ತದೆ. ಸಂವಿಧಾನದ 73ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು ಪಂಚಾಯಿತಿಗಳಲ್ಲಿ ಮೂರರಲ್ಲಿ ಒಂದು ಭಾಗ ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿತು. 2010ರಲ್ಲಿ ಕರ್ನಾಟಕ ಅದನ್ನು ಅರ್ಧಕ್ಕೆ ಏರಿಸಿತು. ಸ್ಥಾನವನ್ನು ಕಾನೂನು ಕೊಟ್ಟಿತು. ಅಲ್ಲಿ ಕುಳಿತು ಲೆಕ್ಕ ಕೇಳುವ ಧೈರ್ಯವನ್ನು ಹಲವರು ಸಂಘದಲ್ಲಿ ಕಲಿತರು.

ಎಲ್ಲ ಸಭೆಗಳೂ ಹೀಗೆಯೇ ನಡೆಯುತ್ತವೆ ಎಂದಲ್ಲ. ಕೆಲವೆಡೆ ಅತಿಥಿಗಳ ಭಾಷಣದಲ್ಲೇ ಮಧ್ಯಾಹ್ನವಾಗುತ್ತದೆ. ಊಟದ ಹೊತ್ತಿಗೆ ಲೆಕ್ಕವನ್ನು ಅವಸರದಲ್ಲಿ ಓದಿ, ಚಪ್ಪಾಳೆಯಿಂದ ಒಪ್ಪಿಗೆ ಪಡೆಯುತ್ತಾರೆ. ಅಂದಿನ ಕೂಲಿ ಬಿಟ್ಟು ಬರಲಾಗದ ಅತಿ ಬಡವರೇ ಗೈರುಹಾಜರಾಗುತ್ತಾರೆ. ಸಭೆ ಚೆನ್ನಾಗಿ ನಡೆಯಿತೇ ಎಂದು ತಿಳಿಯಲು ಶಾಮಿಯಾನದ ಅಗಲ ನೋಡಬೇಕಾಗಿಲ್ಲ. ಎಷ್ಟು ಪ್ರಶ್ನೆಗಳು ಬಂದವು, ಎಷ್ಟಕ್ಕೆ ಉತ್ತರ ಸಿಕ್ಕಿತು ಎಂದು ಕೇಳಿದರೆ ಸಾಕು.

ನಿಮ್ಮ ಪಾಲಿನ ಕೆಲಸ

ನಿಮ್ಮಲ್ಲಿ ಕೆಲವರು ಈಗಾಗಲೇ ತಾಯಿಯ ಅಥವಾ ಅಜ್ಜಿಯ ಸಂಘದ ಪುಸ್ತಕ ಬರೆಯುತ್ತಿರಬಹುದು. ಸದಸ್ಯೆಯರಲ್ಲಿ ಬರೆಯಬಲ್ಲವರಿಲ್ಲದ ಕಡೆ ಶಾಲೆಗೆ ಹೋಗುವ ಮಗಳ ಕೈಗೆ ಲೇಖನಿ ಬರುವುದುಂಟು. ಅದನ್ನು ಸಣ್ಣ ಕೆಲಸವೆಂದು ಎಣಿಸಬೇಡಿ. ನೀವು ಬರೆಯಲು ಮರೆತ ಒಂದು ಕಂತನ್ನು ಯಾರೋ ಒಬ್ಬರು ಎರಡನೆಯ ಸಲ ಕಟ್ಟಬೇಕಾಗುತ್ತದೆ. ಬರೆದ ಮೇಲೆ ಗಟ್ಟಿಯಾಗಿ ಓದಿ ಹೇಳಿ. ಬಡ್ಡಿಯ ಲೆಕ್ಕವನ್ನು ಅವರಿಗೆ ಅರ್ಥವಾಗುವಂತೆ ಬಿಡಿಸಿ ತೋರಿಸಿ.

ಮುಂದಿನ ಮಹಾಸಭೆಗೆ ನಿಮ್ಮ ತಾಯಿ ಹೊರಟಾಗ ಪಾಸ್ ಪುಸ್ತಕವನ್ನು ಜೊತೆಗೆ ಒಯ್ಯುವಂತೆ ಹೇಳಿ. ಹಿಂದಿನ ರಾತ್ರಿ ಕುಳಿತು ಅದರಲ್ಲಿರುವ ಅಂಕಿಗಳನ್ನು ಅವರ ನೆನಪಿನೊಡನೆ ತಾಳೆ ನೋಡಿ. ಸಾಧ್ಯವಾದರೆ ನೀವೂ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ಪೌರನೀತಿಯ ಪಾಠದಲ್ಲಿ ನೀವು ಓದಿದ ಪ್ರಜಾಪ್ರಭುತ್ವ ಹೇಗೆ ನಡೆಯುತ್ತದೆ ಎಂಬುದನ್ನು ನಿಮ್ಮೂರಿನ ಹೆಂಗಸರೇ ನಡೆಸಿ ತೋರಿಸುತ್ತಾರೆ.