ಮಾಹಿತಿದಾರನ ಉದ್ದೇಶ ಮತ್ತು ಮಾಹಿತಿಯ ಮೌಲ್ಯ

ಸಂಸ್ಥೆಯೊಂದರ ಅಕ್ರಮವನ್ನು ಅದರ ನೌಕರನೇ ಹೊರಗೆಡಹಿದಾಗ ಕೇಳಿಬರುವ ಮೊದಲ ಪ್ರಶ್ನೆ, ‘ಇದರಲ್ಲಿ ಅವನಿಗೇನು ಲಾಭ?’ ಎಂಬುದು. ಬಡ್ತಿ ತಪ್ಪಿದ ಸಿಟ್ಟು, ಬಹುಮಾನದ ಆಸೆ, ತಾನೂ ಸಿಕ್ಕಿಬೀಳುವ ಭಯ – ಇವುಗಳಲ್ಲಿ ಒಂದು ಕಂಡುಬಂದರೂ ಸಾಕು, ಆತ ಹೇಳಿದ್ದನ್ನೆಲ್ಲ ತಳ್ಳಿಹಾಕುವ ಪ್ರವೃತ್ತಿ ವ್ಯಾಪಾರ ವಲಯದಲ್ಲಿದೆ. ಇದು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪರಿಶೀಲಿಸುವುದು ಅಗತ್ಯ.

ಕೌಟಿಲ್ಯನ ನಿಯಮ

ಈ ಪ್ರಶ್ನೆ ಹೊಸದಲ್ಲ. ರಾಜ್ಯದ ಹಣ ಅಪಹರಣವಾಗುತ್ತಿರುವ ಸುಳಿವು ನೀಡಿ ಅದನ್ನು ರುಜುವಾತುಪಡಿಸಿದವನಿಗೆ ಆ ಮೊತ್ತದ ಆರನೆಯ ಒಂದು ಭಾಗ, ಆತ ಸರ್ಕಾರಿ ಸೇವಕನಾಗಿದ್ದರೆ ಹನ್ನೆರಡನೆಯ ಒಂದು ಭಾಗ ಸಲ್ಲಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸುತ್ತದೆ. ರುಜುವಾತುಪಡಿಸಲಾಗದವನಿಗೆ ದಂಡನೆಯುಂಟು. ಮಾಹಿತಿದಾರನು ನಿಃಸ್ವಾರ್ಥಿಯಾಗಿರಬೇಕೆಂದು ಕೌಟಿಲ್ಯನು ನಿರೀಕ್ಷಿಸಲಿಲ್ಲ. ಮಾಹಿತಿ ಸತ್ಯವಾಗಿರಬೇಕೆಂದು ಮಾತ್ರ ಬಯಸಿದನು.

ಎರಡು ನಿದರ್ಶನಗಳು

ಸ್ವಿಟ್ಜರ್ಲೆಂಡಿನ ಯುಬಿಎಸ್ ಬ್ಯಾಂಕಿನಲ್ಲಿದ್ದ ಅಮೆರಿಕದ ಬ್ರಾಡ್ಲಿ ಬರ್ಕನ್‌ಫೆಲ್ಡ್, ಶ್ರೀಮಂತರ ತೆರಿಗೆ ವಂಚನೆಗೆ ಸ್ವತಃ ನೆರವಾಗಿದ್ದವನು. ಗ್ರಾಹಕನೊಬ್ಬನಿಗಾಗಿ ವಜ್ರಗಳನ್ನು ಟೂತ್‌ಪೇಸ್ಟ್ ಟ್ಯೂಬಿನಲ್ಲಿಟ್ಟು ಸಾಗಿಸಿದ್ದನ್ನು ಆತನೇ ಒಪ್ಪಿಕೊಂಡಿದ್ದನು. ತೆರಿಗೆ ವಂಚನೆಯ ಸುಳಿವಿಗೆ ದೊಡ್ಡ ಬಹುಮಾನ ನೀಡುವ ಕಾನೂನು 2006ರಲ್ಲಿ ಅಮೆರಿಕದಲ್ಲಿ ಜಾರಿಗೆ ಬಂದಿತು. 2007ರಲ್ಲಿ ಆತ ಅಲ್ಲಿನ ಅಧಿಕಾರಿಗಳ ಬಳಿ ಹೋದನು. ತನ್ನದೇ ಪಾತ್ರವನ್ನು ಮುಚ್ಚಿಟ್ಟನೆಂಬ ಆಕ್ಷೇಪಣೆಯೊಡನೆ 2009ರಲ್ಲಿ 40 ತಿಂಗಳ ಸೆರೆವಾಸದ ಶಿಕ್ಷೆಗೂ ಗುರಿಯಾದನು. ಆದರೆ ಆತ ಕೊಟ್ಟ ಮಾಹಿತಿ ನಿಜವಾಗಿತ್ತು. ಅದೇ ವರ್ಷ ಯುಬಿಎಸ್ 78 ಕೋಟಿ ಡಾಲರ್ ತೆರಲು ಒಪ್ಪಿತು. 2012ರಲ್ಲಿ ಬರ್ಕನ್‌ಫೆಲ್ಡ್‌ಗೆ 10.4 ಕೋಟಿ ಡಾಲರ್ ಬಹುಮಾನ ದೊರೆಯಿತು. ತಪ್ಪಿಗೆ ಶಿಕ್ಷೆ, ಮಾಹಿತಿಗೆ ಬಹುಮಾನ – ಎರಡನ್ನೂ ಪ್ರತ್ಯೇಕವಾಗಿಯೇ ಅಳೆಯಲಾಯಿತು.

ಇದಕ್ಕೆ ಭಿನ್ನವಾದುದು ವರ್ಲ್ಡ್‌ಕಾಂ ಕಂಪನಿಯ ಪ್ರಕರಣ. ಅಲ್ಲಿನ ಆಂತರಿಕ ಲೆಕ್ಕಪರಿಶೋಧನೆಯ ಮುಖ್ಯಸ್ಥೆ ಸಿಂಥಿಯಾ ಕೂಪರ್ ಮತ್ತು ಅವರ ತಂಡ, ರಾಜಸ್ವ ವೆಚ್ಚವನ್ನು ಬಂಡವಾಳ ವೆಚ್ಚವೆಂದು ಬರೆದು ಲಾಭವನ್ನು ಉಬ್ಬಿಸಿದ್ದನ್ನು 2002ರಲ್ಲಿ ಪತ್ತೆಹಚ್ಚಿತು. ಅಂದು ಪ್ರಕಟವಾದ ಮೊತ್ತ 380 ಕೋಟಿ ಡಾಲರ್. ಅಂತಹ ಮಾಹಿತಿಗೆ ಆಗ ಬಹುಮಾನದ ಯೋಜನೆಯೇ ಇರಲಿಲ್ಲ. ಕೂಪರ್ ಅವರು ದುಡಿಯುತ್ತಿದ್ದ ಕಂಪನಿಯೇ ಮರುತಿಂಗಳು ದಿವಾಳಿ ಅರ್ಜಿ ಸಲ್ಲಿಸಿತು. ಇಲ್ಲಿ ಕರ್ತವ್ಯಪ್ರಜ್ಞೆಯೇ ಪ್ರಧಾನ. ಆದರೂ ಮೌನವಹಿಸಿದರೆ ಹೊಣೆ ತನ್ನ ಮೇಲೆ ಬರುವುದೆಂಬ ಎಚ್ಚರ ಯಾವ ಲೆಕ್ಕಪರಿಶೋಧಕರಿಗೂ ಸಹಜ.

ಸ್ವಾರ್ಥ, ನಿಃಸ್ವಾರ್ಥಗಳು ಹೀಗೆ ಒಬ್ಬರಲ್ಲಿಯೇ ಬೆರೆತಿರುತ್ತವೆ. ಸೇಡಿನಿಂದ ಬಂದ ಮಾಹಿತಿಯೂ ಸತ್ಯವಾಗಿರಬಹುದು. ಸದುದ್ದೇಶದಿಂದ ಬಂದದ್ದೂ ತಪ್ಪು ತಿಳಿವಳಿಕೆಯಾಗಿರಬಹುದು. ದಾಖಲೆಯಿಲ್ಲದ ಮಾತನ್ನು ಎಷ್ಟು ನಂಬಬೇಕು ಎಂಬಲ್ಲಿ ಉದ್ದೇಶಕ್ಕೆ ಬೆಲೆಯಿದೆ. ದಾಖಲೆ ಮುಂದಿರುವಾಗ ನೋಡಬೇಕಾದುದು ದಾಖಲೆಯನ್ನೇ.

ಸಣ್ಣ ಉದ್ಯಮಗಳಿಗೆ ಪಾಠ

ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಗಳು, ಸಾರ್ವಜನಿಕರಿಂದ ಠೇವಣಿ ಪಡೆಯುವ ಕಂಪನಿಗಳು ಹಾಗೂ ಬ್ಯಾಂಕು ಮತ್ತು ಸಾರ್ವಜನಿಕ ಹಣಕಾಸು ಸಂಸ್ಥೆಗಳಿಂದ 50 ಕೋಟಿ ರೂ.ಗೂ ಮೀರಿ ಸಾಲ ಪಡೆದ ಕಂಪನಿಗಳು ನೌಕರರ ಇಂತಹ ದೂರಿಗೆ ವ್ಯವಸ್ಥೆ ಮಾಡಬೇಕೆಂದು 2013ರ ಕಂಪನಿ ಕಾಯ್ದೆಯ 177ನೇ ಕಲಮು ಮತ್ತು ಅದರ ನಿಯಮಗಳು ಹೇಳುತ್ತವೆ. ದೂರಿತ್ತವನಿಗೆ ಕಿರುಕುಳವಾಗದಂತೆ ರಕ್ಷಣೆಯೂ, ಪದೇಪದೇ ಹುರುಳಿಲ್ಲದ ದೂರು ಕೊಟ್ಟವನ ಮೇಲೆ ಕ್ರಮಕ್ಕೆ ಅವಕಾಶವೂ ಅವುಗಳಲ್ಲಿವೆ.

ಪಾಲುದಾರಿಕೆ ಸಂಸ್ಥೆಗಳಿಗೂ ಏಕವ್ಯಕ್ತಿ ವ್ಯವಹಾರಗಳಿಗೂ ಈ ಕಟ್ಟುಪಾಡಿಲ್ಲ. ಆದರೆ ಒಳಗೆ ಕೇಳುವವರಿಲ್ಲದಿದ್ದರೆ ಹೊರಗೆ ಕೇಳುವವರಿದ್ದಾರೆ. ಆದಾಯ ತೆರಿಗೆ ಇಲಾಖೆ 2018ರಲ್ಲಿ ಪ್ರಕಟಿಸಿದ ಯೋಜನೆ ಮಾಹಿತಿದಾರರಿಗೆ 50 ಲಕ್ಷ ರೂ.ವರೆಗೆ ಬಹುಮಾನ ಗೊತ್ತುಪಡಿಸಿತ್ತು.

ಆದಕಾರಣ, ಸಂಬಳ ಹೆಚ್ಚಿಸಲಿಲ್ಲವೆಂದು ಮುನಿಸಿಕೊಂಡ ಉಗ್ರಾಣದ ಗುಮಾಸ್ತ ‘ಮಾಲು ಬಾರದೆಯೇ ಬಿಲ್ಲು ಪಾಸಾಗುತ್ತಿದೆ’ ಎಂದರೆ, ಮಾಲೀಕರು ಮೊದಲು ಬಿಲ್ಲಿನ ಸಂಖ್ಯೆ, ದಿನಾಂಕ ಕೇಳಿ ಬರೆದುಕೊಳ್ಳಬೇಕು. ಆ ಖರೀದಿಗೆ ಸಂಬಂಧಪಡದವರಿಂದ ತೂಕದ ಚೀಟಿ, ದಾಸ್ತಾನು ಪುಸ್ತಕ ಮತ್ತು ಬಿಲ್ಲನ್ನು ತಾಳೆ ನೋಡಿಸಬೇಕು. ತನಿಖೆ ಮುಗಿಯುವವರೆಗೆ ಆತನ ಹೆಸರನ್ನು ಗುಟ್ಟಾಗಿಡುವುದೂ, ಆತನನ್ನು ಕೆಲಸದಿಂದ ತೆಗೆಯದಿರುವುದೂ ವಿವೇಕ. ಸಂಬಳದ ತಕರಾರನ್ನು ಬೇರೆಯಾಗಿ ಇತ್ಯರ್ಥಪಡಿಸಬಹುದು. ಗುಮಾಸ್ತನ ಮುನಿಸು ನಿಜವೆಂದ ಮಾತ್ರಕ್ಕೆ ಸುಳ್ಳು ಬಿಲ್ಲು ಸಾಚಾ ಆಗುವುದಿಲ್ಲ.